ಹಳದಿ ಯಾವಾಗ ನೀಲಿ ಆಯ್ತು? ಶಿವಮೊಗ್ಗದ ನಕ್ಷೆ ಮತ್ತು 15 ದಿನದ ಲೆಕ್ಕ

ಇವತ್ತಿನ ಸಂಚಿಕೆ ಸ್ವಲ್ಪ ಬೋರಿಂಗ್ ವಿಷಯದ ಬಗ್ಗೆ ಅಂತ ಮೊದಲೇ ಹೇಳಿಬಿಡ್ತೀನಿ. ಇಯರ್‌ಫೋನ್ ತೆಗೀಬೇಡಿ, ಯಾಕಂದ್ರೆ ಇದು ಬೋರಿಂಗ್ ಆಗಿ ಕಾಣೋದ್ರಿಂದಲೇ ಕೆಲವರಿಗೆ ಕೋಟಿಗಟ್ಟಲೆ ಲಾಭ ಆಗ್ತಿದೆ.

ದಿನಪತ್ರಿಕೆಯ ಒಳಪುಟ ನೆನಪು ಮಾಡ್ಕೊಳ್ಳಿ. ಟೆಂಡರ್ ಪ್ರಕಟಣೆ, ಹೆಸರು ಬದಲಾವಣೆ, ಶ್ರದ್ಧಾಂಜಲಿ, ಇವುಗಳ ಮಧ್ಯೆ ಒಂದು ಸಣ್ಣ ಚೌಕ ಇರುತ್ತೆ. ಇಂಥ ಹೋಬಳಿ, ಇಂಥ ಗ್ರಾಮ, ಸರ್ವೆ ನಂಬರ್ ಇಷ್ಟು, ವಿಸ್ತೀರ್ಣ ಇಷ್ಟು ಎಕರೆ ಇಷ್ಟು ಗುಂಟೆ, ಇದನ್ನು ಕೃಷಿ ವಲಯದಿಂದ ವಸತಿಗೆ, ಅಥವಾ ವಸತಿಯಿಂದ ವಾಣಿಜ್ಯಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದಲ್ಲಿ 15 ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಕೆಳಗೆ ಆಯುಕ್ತರ ಸಹಿ. ಮುಗೀತು. ಅದನ್ನ ಓದೋರು ಯಾರು? ಅರ್ಜಿ ಹಾಕಿದೋರು ಓದ್ತಾರೆ, ಅವರ ಏಜೆಂಟ್ ಓದ್ತಾನೆ, ಪಕ್ಕದ ಜಮೀನಿನವರು ಯಾರಾದ್ರೂ ಹೇಳಿದ್ರೆ ಓದ್ತಾರೆ. ನಮ್ಮ ವಯಸ್ಸಿನವರ ಮನೇಲಿ ಈಗ ಪೇಪರ್ ಬರೋದೇ ಕಡಿಮೆ, ಬಂದ್ರೂ ಅದು ಅಪ್ಪನ ಪೇಪರ್.

ಶಿವಮೊಗ್ಗ, ಭದ್ರಾವತಿ ಎರಡಕ್ಕೂ ಸೇರಿ ಈ ಕೆಲಸ ಮಾಡೋದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ. ನಾವೆಲ್ಲ ಸೂಡಾ ಅಂತೀವಿ. ಹೆಚ್ಚಿನವರಿಗೆ ಸೂಡಾ ಅಂದ್ರೆ ಸೈಟ್ ಹಂಚೋ ಆಫೀಸು. ಅರ್ಜಿ ಹಾಕ್ಬೇಕು, ಸೀನಿಯಾರಿಟಿ ನೋಡ್ತಾರೆ, ಅದೃಷ್ಟ ಇದ್ರೆ ಸಿಗುತ್ತೆ. ಆದ್ರೆ ಅದಕ್ಕೆ ಇನ್ನೊಂದು ಟೋಪಿ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಅದು ಯೋಜನಾ ಪ್ರಾಧಿಕಾರ ಕೂಡ. ಅಂದ್ರೆ ಎಲ್ಲಿ ಮನೆ ಬರಬೇಕು, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಏನೂ ಬರಬಾರದು ಅಂತ ಗೆರೆ ಹಾಕೋದು ಇವರೇ. ಆ ಗೆರೆ ಹಾಕಿದ ನಕ್ಷೆ ಮತ್ತು ಅದರ ಜೊತೆಗಿನ ವರದಿಗೆ ಮಾಸ್ಟರ್ ಪ್ಲಾನ್ ಅಂತಾರೆ. ಅದರೊಳಗೆ ವಲಯ ನಿಯಮಾವಳಿ ಅಂತ ಒಂದು ಭಾಗ ಇರುತ್ತೆ. ಝೋನಿಂಗ್ ರೆಗ್ಯುಲೇಷನ್ಸ್ ಅಂದ್ರೆ ಅದೇ.

ನಕ್ಷೆ ನೋಡೋಕೆ ಚೆಂದ. ವಸತಿ ಅಂದ್ರೆ ಹಳದಿ. ವಾಣಿಜ್ಯ ನೀಲಿ. ಕೈಗಾರಿಕೆ ನೇರಳೆ. ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳದ್ದು ಕೆಂಪು. ಪಾರ್ಕು, ಮೈದಾನ ಹಸಿರು. ರಸ್ತೆ, ರೈಲು ಬೂದು. ನೀವು ಕೂತಿರೋ ಜಾಗಕ್ಕೂ ಒಂದು ಬಣ್ಣ ಇದೆ. ಆ ಬಣ್ಣದ ಮೇಲೆ ಅದರ ಬೆಲೆ ನಿಂತಿದೆ.

ಈಗ ಕಾಮರ್ಸ್ ಓದಿದ ಬುದ್ಧಿ ಸ್ವಲ್ಪ ಓಡಿಸ್ತೀನಿ, ಸಹಿಸ್ಕೊಳ್ಳಿ. ಒಂದು ಲೆಕ್ಕ. ಅಂಕಿ ನಾನು ಸುಮ್ನೆ ಇಟ್ಕೊಂಡಿದ್ದು, ಯಾರ ಜಮೀನಿನದ್ದೂ ಅಲ್ಲ. ಊರಂಚಲ್ಲಿ 2 ಎಕರೆ ಗದ್ದೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ, ಒಟ್ಟು 87,120 ಚದರ ಅಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯಕ್ಕೆ ಬಿಟ್ಟು 55 ಪರ್ಸೆಂಟ್ ಮಾರೋಕೆ ಉಳೀತು ಅನ್ಕೊಳ್ಳಿ. ಸುಮಾರು 48 ಸಾವಿರ ಚದರ ಅಡಿ, ಅಂದ್ರೆ 30-40ರ 40 ಸೈಟು. ಬಣ್ಣ ಬದಲಾಗಿದ್ದಕ್ಕೆ ಅಡಿಗೆ ಬರೀ 500 ರೂಪಾಯಿ ಜಾಸ್ತಿ ಸಿಕ್ತು ಅಂದ್ರೂ 2 ಕೋಟಿ 40 ಲಕ್ಷ. ಪ್ರಾಧಿಕಾರಕ್ಕೆ ಶುಲ್ಕ ಕಟ್ತಾರೆ, ಹೌದು. ಕಟ್ಟಿದ ಮೇಲೂ ಉಳಿಯೋದು ದೊಡ್ಡದು.

ಇನ್ನೊಂದು ಕಡೆ ನೋಡಿ. ಪಕ್ಕದ ಬಡಾವಣೇಲಿ 100 ಮನೆ. ಹೊಸ ಲೇಔಟ್‌ಗೆ ಮೂರ್ನಾಲ್ಕು ಅಡಿ ಮಣ್ಣು ಹಾಕಿ ಎತ್ತರಿಸ್ತಾರೆ. ಮಳೆಗಾಲದಲ್ಲಿ ಅಲ್ಲಿ ನಿಲ್ಲಬೇಕಾಗಿದ್ದ ನೀರು ಈಗ ಇವರ ಅಂಗಳಕ್ಕೆ. ವರ್ಷಕ್ಕೆ ಎರಡು ಸಲ ನೀರು ನುಗ್ಗುತ್ತೆ, ಚರಂಡಿ ಉಕ್ಕುತ್ತೆ. ಒಂದೊಂದು ಮನೆಗೆ ನಷ್ಟ ಸಣ್ಣದು. ಅದಕ್ಕಾಗಿ ಅರ್ಧ ದಿನ ರಜೆ ಹಾಕಿ ಸೂಡಾ ಆಫೀಸಿಗೆ ಯಾರು ಹೋಗ್ತಾರೆ? ಲಾಭ ಒಬ್ಬನ ಹತ್ರ ಗುಡ್ಡೆ ಬಿದ್ದಿದೆ, ನಷ್ಟ ನೂರು ಮನೆಗೆ ಹಂಚಿ ಹೋಗಿದೆ. ಹಾಗಾಗಿ ಸಭೆಯ ಮುಂದೆ ಬರೋ ಫೈಲ್‌ನಲ್ಲಿ ಒಂದು ಕಡೆಯ ಕಾಗದ ದಪ್ಪ ಇರುತ್ತೆ, ಇನ್ನೊಂದು ಕಡೆ ಖಾಲಿ ಇರುತ್ತೆ. ಇದಕ್ಕೆ ಭ್ರಷ್ಟಾಚಾರವೇ ಬೇಕು ಅಂತೇನಿಲ್ಲ. ಪ್ರಾಮಾಣಿಕ ಅಧಿಕಾರಿ ಕೂತಿದ್ರೂ ಅವರ ಮುಂದಿರೋ ಕಾಗದ ಹೇಳೋದು ಅಷ್ಟೇ: ಆಕ್ಷೇಪಣೆ ಸ್ವೀಕೃತವಾಗಿಲ್ಲ.

ಈ 15 ದಿನ ಅನ್ನೋದು ಎಲ್ಲಿಂದ ಬಂತು? ಕಾಯ್ದೆಯ 14-ಎ ಕಲಂನಿಂದ. ಮಾಸ್ಟರ್ ಪ್ಲಾನ್ ಜಾರಿಗೆ ಬಂದ ಮೇಲೆ ನಕ್ಷೆಯಲ್ಲಿ ತಪ್ಪಿದ್ರೆ, ಏನಾದ್ರೂ ಬಿಟ್ಟುಹೋಗಿದ್ರೆ, ಅಥವಾ ಪರಿಸ್ಥಿತಿ ಬದಲಾಗಿದ್ರೆ, ಸರ್ಕಾರದ ಪೂರ್ವಾನುಮತಿ ಪಡೆದು ಪ್ರಾಧಿಕಾರ ಭೂ ಉಪಯೋಗ ಬದಲಾಯಿಸಬಹುದು. ಅದಕ್ಕೆ ಷರತ್ತುಗಳಿವೆ. ಬದಲಾವಣೆ ಸಾರ್ವಜನಿಕ ಹಿತಾಸಕ್ತಿಯಿಂದ ಇರಬೇಕು. ಬೇರೆ ಕಾನೂನಿಗೆ ವಿರುದ್ಧ ಇರಬಾರದು. ಆ ಪ್ರದೇಶದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು.

‘ಕನಿಷ್ಠ’ ಅನ್ನೋ ಪದ ಗಮನಿಸಿ. 15 ಅಂದ್ರೆ ಕೆಳಗಿನ ಮಿತಿ. 30 ಕೊಟ್ರೆ ಯಾರೂ ಬೇಡ ಅನ್ನಲ್ಲ. ಆದ್ರೆ ನಮ್ಮ ಕಚೇರಿಗಳಲ್ಲಿ ಕನಿಷ್ಠ ಅಂತ ಬರೆದಿದ್ದೆಲ್ಲ ಗರಿಷ್ಠ ಆಗಿಬಿಡುತ್ತೆ. ಇನ್ನೊಂದು ತಮಾಷೆ ಕೇಳಿ. ಈ ಅರ್ಜಿ ಜೊತೆ ಏನೇನು ದಾಖಲೆ ಇದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದ್ರೆ ಉತ್ತರ ಕೊಡೋಕೆ ಅವರಿಗೆ 30 ದಿನ ಟೈಮ್ ಇದೆ. ಆಕ್ಷೇಪಣೆ ಹಾಕೋಕೆ ನಮಗೆ 15. ಮಾಹಿತಿ ಕೈಗೆ ಬರೋ ಹೊತ್ತಿಗೆ ಬಾಗಿಲು ಹಾಕಿ ಎರಡು ವಾರ ಆಗಿರುತ್ತೆ.

ಇಲ್ಲಿ ಒಂದು ಗೊಂದಲ ಬಿಡಿಸ್ಬೇಕು. ಭೂಪರಿವರ್ತನೆ ಬೇರೆ, ಭೂ ಉಪಯೋಗ ಬದಲಾವಣೆ ಬೇರೆ. ಕೃಷಿ ಜಮೀನನ್ನ ಕೃಷಿಯೇತರ ಮಾಡೋದು, ಜನ ಕನ್ವರ್ಷನ್ ಅಂತಾರಲ್ಲ, ಅದು ಭೂಕಂದಾಯ ಕಾಯ್ದೆಯ 95ನೇ ಕಲಂ, ಡಿ.ಸಿ. ಆಫೀಸಿನ ವ್ಯವಹಾರ. ನಾವು ಮಾತಾಡ್ತಿರೋದು ನಕ್ಷೆಯ ಬಣ್ಣದ್ದು. ಸೈಟ್ ಮಾರೋರು ‘ಕನ್ವರ್ಷನ್ ಆಗಿದೆ ಸಾರ್’ ಅಂದ ಕೂಡಲೇ ಎಲ್ಲ ಸರಿ ಇದೆ ಅಂತಲ್ಲ. ಲೇಔಟ್ ಪ್ಲಾನ್‌ಗೆ ಪ್ರಾಧಿಕಾರದ ಅನುಮೋದನೆ ಇದೆಯಾ ಅಂತಲೂ ಕೇಳಿ. ಮೊದಲ ಸಂಬಳದಲ್ಲಿ ಇಎಂಐ ಕಟ್ಟೋಕೆ ಹೊರಟಿರೋ ಗೆಳೆಯರಿಗೆ ಇದನ್ನ ಎರಡು ಸಲ ಹೇಳ್ತೀನಿ.

ಇನ್ನು ವಿಷಯದ ಹೊಟ್ಟೆಗೆ ಬರ್ತೀನಿ. ಇಲ್ಲಿವರೆಗೆ ಹೇಳಿದ್ದು ಒಂದೊಂದೇ ಸರ್ವೆ ನಂಬರ್ ಕಥೆ. ಅದಕ್ಕಿಂತ ದೊಡ್ಡದು ನಿಯಮಾವಳಿಯ ಬದಲಾವಣೆ. ಅದರಲ್ಲಿ ಬಣ್ಣ ಬದಲಾಗಲ್ಲ, ಬಣ್ಣದ ಅರ್ಥ ಬದಲಾಗುತ್ತೆ.

ಕರ್ನಾಟಕದ ವಲಯ ನಿಯಮಾವಳಿಗಳಲ್ಲಿ ಒಂದೊಂದು ವಲಯಕ್ಕೂ ಎರಡು ಪಟ್ಟಿ ಇರುತ್ತೆ. ಒಂದು, ನೇರವಾಗಿ ಅನುಮತಿ ಇರೋ ಉಪಯೋಗಗಳು. ಎರಡು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಪರಿಶೀಲಿಸಿ ಕೊಡಬಹುದಾದ ಉಪಯೋಗಗಳು. ವಸತಿ ವಲಯದಲ್ಲಿ ಮನೆ ಮೊದಲ ಪಟ್ಟೀಲಿ ಇರುತ್ತೆ. ನರ್ಸಿಂಗ್ ಹೋಮ್, ಕಲ್ಯಾಣ ಮಂಟಪ, ಲಾಡ್ಜ್ ತರದ್ದು ಎರಡನೇ ಪಟ್ಟೀಲಿ, ರಸ್ತೆ ಇಷ್ಟು ಅಗಲ ಇರಬೇಕು, ಪಾರ್ಕಿಂಗ್ ಇಷ್ಟಿರಬೇಕು ಅನ್ನೋ ಷರತ್ತಿನ ಜೊತೆ ಇರ್ತಾವೆ. ಈಗ ಯಾರೋ ಒಂದು ಸಾಲನ್ನ ಎರಡನೇ ಪಟ್ಟಿಯಿಂದ ಎತ್ತಿ ಮೊದಲನೇದರಲ್ಲಿ ಇಟ್ಟರೆ? ಅಥವಾ 40 ಅಡಿ ರಸ್ತೆ ಅಂತಿದ್ದದ್ದನ್ನ 30 ಅಡಿ ಅಂತ ಮಾಡಿದ್ರೆ? ನಕ್ಷೆ ಹಾಗೇ ಇದೆ. ಹಳದಿ ಹಳದಿಯಾಗೇ ಇದೆ. ಆದ್ರೆ ಊರಿನ ಎಲ್ಲ ಹಳದೀನೂ ಒಂದು ರಾತ್ರೀಲಿ ಬೇರೆ ಆಗಿಹೋಯ್ತು. ಆ ಪ್ರಕಟಣೇಲಿ ನಿಮ್ಮ ಸರ್ವೆ ನಂಬರ್ ಇರಲ್ಲ, ನಿಮ್ಮ ಬೀದಿ ಹೆಸರಿರಲ್ಲ. ಕಲಂ ಇಷ್ಟು, ಕೋಷ್ಟಕ ಇಷ್ಟು, ಈ ಪದದ ಬದಲು ಆ ಪದ ಓದಿಕೊಳ್ಳತಕ್ಕದ್ದು. ಯಾರಿಗೆ ಅನ್ಸುತ್ತೆ ಇದು ನನ್ನ ಮನೆ ವಿಷಯ ಅಂತ?

ನಮ್ಮ ಬೀದೀಲೂ ಇಂಥದ್ದು ಆಗಿದೆ, ಯಾವ ಏರಿಯಾ ಅಂತ ಹೇಳಲ್ಲ. ಒಬ್ಬರು ಮನೆ ಖಾಲಿ ಮಾಡಿದ್ರು, ಅದು ಪಿ.ಜಿ. ಆಯ್ತು. ಪಿ.ಜಿ. ಬೇಡ ಅಂತ ನನ್ನ ವಾದ ಅಲ್ಲ. ನಾನೂ ಬೆಂಗಳೂರಲ್ಲಿ ಮೂರು ವರ್ಷ ಪಿ.ಜಿ.ಯಲ್ಲೇ ಇದ್ದವನು, ಯಾರದೋ ಹಳದಿ ಬೀದೀಲೇ ನನಗೂ ಜಾಗ ಸಿಕ್ಕಿದ್ದು. ಆದ್ರೆ ಒಂದು ಕುಟುಂಬಕ್ಕೆ ಅಂತ ಹಾಕಿದ ನೀರಿನ ಪೈಪು, ಒಂದು ಕುಟುಂಬಕ್ಕೆ ಅಂತ ಮಾಡಿದ ಯುಜಿಡಿ ಕನೆಕ್ಷನ್, ಅದರ ಮೇಲೆ ಈಗ 30 ಜನ. ಬೀದಿ ಕೊನೆಯ ಮನೆಗೆ ಬೆಳಿಗ್ಗೆ ನೀರು ಬರಲ್ಲ. ಅಲ್ಲಿರೋ ಅಜ್ಜಿ ಬೈಯೋದು ಪಿ.ಜಿ. ಹುಡುಗರನ್ನ. ಅವರು ಏನು ಮಾಡ್ತಾರೆ ಪಾಪ?

ಅದೇ ಬೀದೀಲಿ ನಮ್ಮಮ್ಮ ಮನೆ ಮುಂದಿನ ರೂಮಲ್ಲಿ ಹೊಲಿಗೆ ಮಷೀನ್ ಇಟ್ಕೊಂಡಿದ್ದಾರೆ. ಬ್ಲೌಸ್, ಫಾಲ್ಸ್, ಶಾಲೆ ಯೂನಿಫಾರ್ಮ್. ನನ್ನ ಬಿ.ಕಾಂ. ಫೀಸ್‌ನಲ್ಲಿ ಆ ಮಷೀನಿನ ಪಾಲಿದೆ. ಹಾಗಾಗಿ ವಸತಿ ಅಂದ್ರೆ ಬರೀ ವಸತಿ, ಒಂದು ಬೀಡಾ ಅಂಗಡೀನೂ ಇರಕೂಡದು ಅಂತ ಹಠ ಹಿಡಿಯೋರ ಜೊತೆ ನಾನು ನಿಲ್ಲಲ್ಲ. ಮಲೆನಾಡಿನ ಪೇಟೆ ಬೀದಿಗಳು ಬೆಳೆದಿರೋದೇ ಹಾಗೆ, ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಗಾಂಧಿ ಬಜಾರಿಗೆ ಹೋಗಿ ನೋಡಿ.

ಜಪಾನ್‌ನಲ್ಲಿ ಇದಕ್ಕೆ ಒಂದು ದಾರಿ ಮಾಡಿದ್ದಾರೆ, ನನಗೆ ಇಷ್ಟ ಆಯ್ತು. ಅಲ್ಲಿನ ಅತ್ಯಂತ ಬಿಗಿ ವಸತಿ ವಲಯದಲ್ಲೂ ವಾಸದ ಮನೆಯೊಳಗೆ ಸಣ್ಣ ಅಂಗಡಿ ಇಡಬಹುದು. ಷರತ್ತು ಅಳತೆಯದ್ದು: 50 ಚದರ ಮೀಟರ್ ಮೀರಬಾರದು, ಮನೆಯ ಅರ್ಧಕ್ಕಿಂತ ಹೆಚ್ಚು ಜಾಗ ಅದಕ್ಕೆ ಹೋಗಬಾರದು. ಅಂಗಡಿ ಯಾವುದು ಅನ್ನೋದರ ಜೊತೆಗೆ ಎಷ್ಟು ದೊಡ್ಡದು ಅಂತಾನೂ ಕೇಳ್ತಾರೆ. ನಮ್ಮಲ್ಲಿ ‘ವಾಣಿಜ್ಯ’ ಅಂದ ತಕ್ಷಣ ಅಮ್ಮನ ಹೊಲಿಗೆ ಮಷೀನೂ ನಾಲ್ಕು ಮಹಡಿ ಶೋರೂಮೂ ಒಂದೇ ಚೀಲಕ್ಕೆ ಬೀಳುತ್ತೆ. ದೊಡ್ಡೋರು ಸಣ್ಣೋರ ಹೆಸರು ಹೇಳ್ಕೊಂಡು ಒಳಗೆ ಬರ್ತಾರೆ. ನಿಯಮ ಸಡಿಲಿಸುವ ಪ್ರಸ್ತಾವ ಬಂದಾಗ ನಾನು ಬರೆಯೋ ಮೊದಲ ಸಾಲು ಇದೇ: ಸಡಿಲಿಸಿ, ಆದ್ರೆ ಚದರ ಅಡಿ ಹೇಳಿ, ರಸ್ತೆ ಅಗಲ ಹೇಳಿ. ಕುವೆಂಪು ರಸ್ತೇಲಿ, ದುರ್ಗಿಗುಡೀಲಿ ಸಂಜೆ 6 ಗಂಟೆಗೆ ಬೈಕ್ ನಿಲ್ಲಿಸೋಕೆ ಜಾಗ ಹುಡುಕಿದವರಿಗೆ ಈ ಮಾತು ವಿವರಿಸಬೇಕಾಗಿಲ್ಲ.

ಗದ್ದೆ ಕಡೆ ಬರೋಣ. ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ಬರುವ ನಾಲೆ ನೀರಲ್ಲಿ ಬೆಳೆದ ಗದ್ದೆಗಳು ನಮ್ಮ ಊರಿನ ಸುತ್ತ ಇದ್ವು, ಇನ್ನೂ ಸ್ವಲ್ಪ ಇವೆ. ಗದ್ದೆ ಅಂದ್ರೆ ಬದು ಕಟ್ಟಿದ ತಟ್ಟೆ. ಮಳೆ ಬಿದ್ರೆ ಹಿಡ್ಕೊಳ್ಳುತ್ತೆ, ನಿಧಾನಕ್ಕೆ ಬಿಡುತ್ತೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಕುಂಬಾರಗುಂಡಿ, ವಿದ್ಯಾನಗರದ ಕಡೆ ತಗ್ಗಿನ ಮನೆಗಳಿಗೆ ನೀರು ನುಗ್ಗಿದ್ದು ನಿಮ್ಮ ವಾಟ್ಸಾಪ್‌ನಲ್ಲಿ ಇನ್ನೂ ಇರಬಹುದು. ಆ ನೀರಿಗೆಲ್ಲ ಲೇಔಟ್‌ಗಳೇ ಕಾರಣ ಅಂತ ನಾನು ಹೇಳಲ್ಲ, ಅದು ನದಿಯ ಪ್ರವಾಹ, ಘಟ್ಟದಲ್ಲಿ ಸುರಿದ ಮಳೆ. ಆದ್ರೆ ನದಿ ತುಂಬಿದ ದಿನ ಊರಿನ ಮಳೆ ನೀರು ನದಿಗೆ ಹೋಗೋಕಾಗಲ್ಲ. ಅವತ್ತು ಅದಕ್ಕೆ ನಿಲ್ಲೋಕೆ ಒಂದು ಜಾಗ ಬೇಕು. ಆ ಜಾಗ ನಕ್ಷೇಲಿ ‘ಕೃಷಿ’ ಅಂತ ಇರುತ್ತೆ, ಯಾರಿಗೂ ಉಪಯೋಗ ಇಲ್ಲದ ಖಾಲಿ ಜಮೀನಿನ ತರ ಕಾಣುತ್ತೆ.

ರೈತರ ಮೇಲೆ ಗೂಬೆ ಕೂರಿಸೋದು ಬೇಡ. ಎರಡು ಎಕರೆ ಭತ್ತ ಬೆಳೆದು ಮಗಳ ಎಂಜಿನಿಯರಿಂಗ್ ಫೀಸ್ ಕಟ್ಟೋಕಾಗಲ್ಲ ಅನ್ನೋದು ನಿಜ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಬಣ್ಣ ಬದಲಾಗೋ ಹೊತ್ತಿಗೆ ಆ ಗದ್ದೆ ರೈತನ ಕೈಲಿ ಇರಲೇಬೇಕು ಅಂತಿಲ್ಲ. ಕೃಷಿ ರೇಟಿಗೆ ಕೊಟ್ಟು ಹೋದವನಿಗೆ ಹಳದಿಯ ಲಾಭ ಸಿಗಲ್ಲ. ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ಇದು, 1951ರಲ್ಲಿ. ಅವತ್ತು ಉಳುವವನಿಗೆ ಭೂಮಿ ಸಿಗಬೇಕಾ ಅನ್ನೋದು ಪ್ರಶ್ನೆ. ಈಗ ಗೋಪಾಲಗೌಡ ಬಡಾವಣೆಯಲ್ಲಿ ಗುಂಟೆ ಎಷ್ಟು ಅನ್ನೋದು ಪ್ರಶ್ನೆ. ಆ ಹೋರಾಟದ ಗೋಪಾಲಗೌಡರ ಹೆಸರೇ ಆ ಬಡಾವಣೆಗೆ ಇರೋದು, ಗೊತ್ತಲ್ವಾ?

ಭದ್ರಾವತಿಯ ಕಥೆ ಉಲ್ಟಾ. ಅಲ್ಲಿನ ನಕ್ಷೇಲಿ ನೇರಳೆ ಜಾಸ್ತಿ. 1918ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾಗಿ 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್, ಇವೆರಡರ ಸುತ್ತ ಊರು ಬೆಳೀತು. ನ್ಯೂಟೌನ್ ಅಂದ್ರೆ ಕಬ್ಬಿಣ, ಪೇಪರ್ ಟೌನ್ ಅಂದ್ರೆ ಕಾಗದ. 2015ರಲ್ಲಿ ಎಂಪಿಎಂ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಸೈಲ್ ಆಡಳಿತ ಮಂಡಳಿ ವಿಐಎಸ್ಎಲ್ ಮುಚ್ಚುವ ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟಿತು, ಕಾರ್ಮಿಕರು ಬೀದಿಗಿಳಿದ್ರು, ಆಮೇಲೆ ಒಂದಿಷ್ಟು ಘಟಕ ಮತ್ತೆ ಶುರುವಾಯ್ತು. ಇಂಥ ಜಾಗದ ನೇರಳೆ ಮುಂದೆ ಏನಾಗಬೇಕು? ಒಂದು ಸರ್ವೆ ನಂಬರ್ ಹಳದಿ, ಇನ್ನೊಂದು ನೀಲಿ ಅಂತ ಚೂರು ಚೂರಾಗಿ 14-ಎ ಅಡಿ ಹೋದ್ರೆ ಮತ್ತೆ ಯಾವ ಕಾರ್ಖಾನೇನೂ ಅಲ್ಲಿ ಕೂರಲ್ಲ, ಯಾಕಂದ್ರೆ ಪಕ್ಕದ ಹೊಸ ಅಪಾರ್ಟ್‌ಮೆಂಟ್‌ನವರು ಹೊಗೆ ಬೇಡ ಅಂತಾರೆ. ಅವರು ಹೇಳೋದೂ ನ್ಯಾಯವೇ. ನನ್ನ ಪ್ರಕಾರ ಭದ್ರಾವತಿಯ ಕೈಗಾರಿಕಾ ಜಮೀನಿನ ಬಗ್ಗೆ ಒಟ್ಟಿಗೆ, ಒಂದೇ ಸಲ, ಊರಿನವರ ಮುಂದೆ ಚರ್ಚೆ ಆಗಬೇಕು. ಅದು ನೋಟಿಸ್ ಚೌಕಗಳಲ್ಲಿ ಮುಗಿಯೋ ವಿಷಯ ಅಲ್ಲ.

ಎರಡೂ ಊರಿನ ನಡುವೆ 20 ಕಿಲೋಮೀಟರ್ ಆಸುಪಾಸು. ಮಧ್ಯೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಆ ಕಡೆಗೇ ಸೋಗಾನೆ ವಿಮಾನ ನಿಲ್ದಾಣ. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ, ಆಗಸ್ಟ್ 31ಕ್ಕೆ ಮೊದಲ ಪ್ರಯಾಣಿಕ ವಿಮಾನ. ಅವತ್ತಿಂದ ಆ ಭಾಗದ ಪ್ರತಿ ಸೈಟ್ ಜಾಹೀರಾತಲ್ಲೂ ಒಂದು ವಿಮಾನದ ಚಿತ್ರ ಇದೆ. ಒತ್ತಡ ಬರೋದು ಅಲ್ಲಿಂದಲೇ.

ಮಾಸ್ಟರ್ ಪ್ಲಾನನ್ನ 10 ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ ಕಾಯ್ದೆಯ 13-ಡಿ ಹೇಳುತ್ತೆ. ಪರಿಷ್ಕರಣೆ ಬಂದಾಗ ಆಕ್ಷೇಪಣೆಗೆ 60 ದಿನ ಇರುತ್ತೆ. ಹಾಗಿದ್ರೆ ಆಗ ಮಾತಾಡೋಣ ಬಿಡಿ ಅನ್ನೋರಿಗೆ ಬೆಂಗಳೂರು ತೋರಿಸ್ತೀನಿ. ಅಲ್ಲಿನ ‘2015ರ ಪರಿಷ್ಕೃತ ಯೋಜನೆ’ಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಅದರ ಮುಂದಿನ ಕರಡು, 2031ರದ್ದು, ಹೊರಬಂದಿದ್ದು 2017ರ ನವೆಂಬರ್‌ನಲ್ಲಿ. ಸಾವಿರಾರು ಆಕ್ಷೇಪಣೆ ಬಂದ್ವು, ಕೊನೆಗೆ ಕರಡನ್ನೇ ಕೈಬಿಟ್ಟರು. 2015 ಅಂತ ಹೆಸರಿಟ್ಟ ಪುಸ್ತಕ ಹಿಡ್ಕೊಂಡೇ ಆ ಊರು 2015 ದಾಟಿ ಎಷ್ಟು ದೂರ ಬಂತು ನೋಡಿ. ಪುಸ್ತಕ ಹಳೇದಾದಷ್ಟೂ ಎಲ್ಲರೂ 14-ಎ ಬಾಗಿಲಿಗೆ ಬರ್ತಾರೆ. ಅಪವಾದಕ್ಕೆ ಅಂತ ಇಟ್ಟ ಕಿಟಕಿ ಹೆಬ್ಬಾಗಿಲಾಗುತ್ತೆ.

ನೀವು ಕೇಳಬಹುದು, ನಾವು ವೋಟ್ ಹಾಕಿದ ಕಾರ್ಪೊರೇಟರ್ ಇದನ್ನ ನೋಡ್ಕೊಳ್ಳಲ್ವಾ? 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿಸ್ತು. ನಗರ ಸ್ಥಳೀಯ ಸಂಸ್ಥೆಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಅದು. ಮೊದಲನೇ ಸಾಲು ನಗರ ಯೋಜನೆ. ಎರಡನೇದು ಭೂ ಉಪಯೋಗ ಮತ್ತು ಕಟ್ಟಡಗಳ ನಿಯಂತ್ರಣ. ಆದ್ರೆ ನಮ್ಮ ರಾಜ್ಯದಲ್ಲಿ ಅದು ಇವತ್ತಿಗೂ ಪ್ರಾಧಿಕಾರಗಳ ಕೈಲೇ ಇದೆ. ಪ್ರಾಧಿಕಾರದ ಅಧ್ಯಕ್ಷರನ್ನ ಸರ್ಕಾರ ನೇಮಿಸುತ್ತೆ, ಆಯುಕ್ತರು ಅಧಿಕಾರಿ, ಶಾಸಕರು ಇರ್ತಾರೆ, ನಾಮನಿರ್ದೇಶಿತರು ಇರ್ತಾರೆ. ನೀವು ಬೀದಿ ದೀಪಕ್ಕೆ ಫೋನ್ ಮಾಡೋ ಮನುಷ್ಯನಿಗೆ ನಿಮ್ಮ ಬೀದಿ ಬಣ್ಣದ ಮೇಲೆ ಹೇಳಿಕೊಳ್ಳೋ ಹಿಡಿತ ಇಲ್ಲ.

ಬರೆದ್ರೆ ಏನಾಗುತ್ತೆ, ಎಲ್ಲ ಸೆಟ್ಟಿಂಗ್ ಅಲ್ವಾ ಅನ್ನೋ ಕಾಮೆಂಟ್ ಬರೋದು ನನಗೆ ಗೊತ್ತು. ಒಂದು ಕೇಸ್ ಹೇಳ್ತೀನಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆ. ಅಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನ 1970ರ ದಶಕದಲ್ಲಿ ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟೋಕೆ ಕೊಡಲಾಯ್ತು. ಆದೇಶ ಮುಖ್ಯಮಂತ್ರಿ ಮಟ್ಟದಿಂದ ಬಂದಿತ್ತು. ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದ್ರು. ನಿಮಗೇನು ನಷ್ಟ, ನೀವ್ಯಾರು ಕೇಳೋಕೆ ಅಂತ ಎದುರು ಪಕ್ಷದ ವಾದ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಅನ್ನೋ ಪ್ರಕರಣ, 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಪಾರ್ಕಿನ ಜಾಗ ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಡೋಕಾಗಲ್ಲ, ಮತ್ತು ಅಲ್ಲಿ ವಾಸ ಮಾಡೋ ಜನಕ್ಕೆ ಅದನ್ನ ಪ್ರಶ್ನಿಸೋ ಹಕ್ಕಿದೆ ಅಂತ ಕೋರ್ಟ್ ಹೇಳ್ತು. ಆಸ್ಪತ್ರೆ ಒಳ್ಳೇದೇ ಅಲ್ವಾ ಅನ್ನೋ ವಾದ ನಿಲ್ಲಲಿಲ್ಲ. ದೇಶದ ಯಾವ ಊರಲ್ಲಿ ಪಾರ್ಕ್ ವಿಷಯಕ್ಕೆ ಕೇಸ್ ಆದ್ರೂ ಈಗಲೂ ಈ ತೀರ್ಪು ಎತ್ತಿ ಹೇಳ್ತಾರೆ.

ಎಲ್ಲರೂ ಸುಪ್ರೀಂ ಕೋರ್ಟಿಗೆ ಹೋಗೋಕಾಗಲ್ಲ. ಒಂದು ಪುಟ ಬರೆಯೋಕಾಗುತ್ತೆ. ಹೇಗೆ ಬರೀಬೇಕು ಅನ್ನೋದು ಹೇಳ್ತೀನಿ, ಯಾಕಂದ್ರೆ ‘ನಮಗೆ ತುಂಬಾ ತೊಂದರೆ ಆಗುತ್ತೆ, ದಯವಿಟ್ಟು ಬೇಡ’ ಅಂತ ಬರೆದ ಕಾಗದ ಫೈಲಲ್ಲಿ ಭಾರವೇ ಇಲ್ಲದೆ ಕೂರುತ್ತೆ.

ನೋಟಿಸ್ ಕಂಡ ಕೂಡಲೇ ದಿಶಾಂಕ್ ಆ್ಯಪ್ ತೆಗೀರಿ. ಸರ್ಕಾರದ್ದೇ ಆ್ಯಪ್, ಫ್ರೀ. ಗ್ರಾಮ, ಸರ್ವೆ ನಂಬರ್ ಹಾಕಿದ್ರೆ ಜಾಗ ಎಲ್ಲಿದೆ ಅಂತ ಮ್ಯಾಪಲ್ಲಿ ತೋರಿಸುತ್ತೆ. ಅಲ್ಲಿಗೆ ಹೋಗಿ ನಿಂತ್ಕೊಳ್ಳಿ. ಪಕ್ಕದಲ್ಲಿ ಕೆರೆ ಇದೆಯಾ, ರಾಜಕಾಲುವೆ ಇದೆಯಾ, ನಾಲೆ ಇದೆಯಾ ನೋಡಿ. ಹೋಗುವ ರಸ್ತೆಯನ್ನ ಟೇಪ್ ಹಿಡಿದು ಅಳೀರಿ. ನಿಜವಾಗ್ಲೂ ಅಳೀರಿ, ಫೋಟೋ ತೆಗೀರಿ. ಕಾಗದದ ಮೇಲೆ 40 ಅಡಿ ಇರೋ ರಸ್ತೆ ನೆಲದ ಮೇಲೆ 28 ಇದ್ದರೆ, ಆ ಒಂದು ಸಂಖ್ಯೆ ನಿಮ್ಮ ಹತ್ತು ಪ್ಯಾರಾಗಿಂತ ಜೋರು. ಮಳೆಗಾಲದಲ್ಲಿ ನೀರು ನಿಂತ ಹಳೇ ಫೋಟೋ ನಿಮ್ಮ ಗ್ಯಾಲರೀಲಿ ದಿನಾಂಕದ ಸಮೇತ ಇರುತ್ತೆ, ಅದನ್ನ ಪ್ರಿಂಟ್ ಹಾಕಿ ಲಗತ್ತಿಸಿ.

ಆಮೇಲೆ ಬರೀರಿ. ಪತ್ರಿಕೆಯ ಹೆಸರು, ಪ್ರಕಟಣೆಯ ದಿನಾಂಕ, ಸರ್ವೆ ನಂಬರ್, ನೀವು ಎಷ್ಟು ದೂರದಲ್ಲಿ ವಾಸ ಇದ್ದೀರಿ. ಕಾರಣ ಹೇಳುವಾಗ ಕಾಯ್ದೆಯ ಮಾತನ್ನೇ ಹಿಡೀರಿ: ಈ ಬದಲಾವಣೆಯಲ್ಲಿ ಸಾರ್ವಜನಿಕ ಹಿತ ಏನು ಅಂತ ಪ್ರಕಟಣೆ ಹೇಳಿಲ್ಲ, ಇಂತಿಂಥ ಕಾರಣಕ್ಕೆ ಅದು ಹಿತಕ್ಕೆ ವಿರುದ್ಧ. ನಿಮಗೆ ಪೂರ್ತಿ ವಿರೋಧ ಇಲ್ಲದಿದ್ರೆ ಅದನ್ನೂ ಹೇಳಿ, ಯಾವ ಷರತ್ತು ಹಾಕಿದ್ರೆ ಒಪ್ಪಬಹುದು ಅಂತ ಬರೀರಿ. ಕೊನೇಲಿ, ನನ್ನನ್ನು ಖುದ್ದಾಗಿ ಕೇಳಬೇಕು ಅಂತ ಒಂದು ಸಾಲು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ ಹಾಕಿಸ್ಕೊಳ್ಳಿ. ಸೀಲು ಹಾಕಲ್ಲ ಅಂದ್ರೆ ವಾದ ಮಾಡ್ಬೇಡಿ, ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಒಂದೇ ಪತ್ರಕ್ಕೆ 50 ಸಹಿ ಹಾಕಿಸೋದಕ್ಕಿಂತ, ಐದು ಮನೆಯವರು ಐದು ಬೇರೆ ಬೇರೆ ಕಾರಣ ಬರೆದ ಐದು ಪತ್ರ ಮೇಲು ಅಂತ ನನ್ನ ಅಭಿಪ್ರಾಯ.

ಸಭೆ ಆದ ಮೇಲೆ ಮಾಹಿತಿ ಹಕ್ಕು ಅರ್ಜಿ ಹಾಕಿ ನಡಾವಳಿ ಕೇಳಿ. ನಿಮ್ಮ ಆಕ್ಷೇಪಣೆಗೆ ಏನು ಉತ್ತರ ಬರೆದಿದ್ದಾರೆ ಅನ್ನೋದು ಅಲ್ಲಿ ಗೊತ್ತಾಗುತ್ತೆ. ಅಲ್ಲಿ ಮಾತ್ರ ಆ 30 ದಿನ ನಮಗೆ ಅಡ್ಡಿ ಆಗಲ್ಲ.

ಶಿವಮೊಗ್ಗ, ಭದ್ರಾವತಿ ಕಡೆ ನಿಮ್ಮ ಮನೆ ಪೇಪರಲ್ಲಿ ಇಂಥ ಚೌಕ ಕಂಡ್ರೆ ಫೋಟೋ ತೆಗೆದು ಕಳಿಸಿ. ಸರ್ವೆ ನಂಬರ್ ಮತ್ತು ಪೇಪರಿನ ದಿನಾಂಕ ಎರಡೂ ಸ್ಪಷ್ಟವಾಗಿ ಕಾಣ್ಬೇಕು, ಮಡಿಕೆ ಮೇಲೆ ತೆಗೀಬೇಡಿ. ಬಂದಿದ್ದನ್ನ ಪ್ರತಿ ಸಂಚಿಕೆಯ ಶುರುವಲ್ಲಿ ಎರಡು ನಿಮಿಷ ಓದಿ ಹೇಳ್ತೀನಿ, ಕೊನೇ ದಿನಾಂಕದ ಸಮೇತ.